ಖೋ-ಖೋ: ಓಟಗಾರನ ಜಾಣ್ಮೆ, ಚೇಸರ್‌ನ ಲೋಪ

ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳ ಶಾಲಾ ಮೈದಾನಗಳಲ್ಲಿ ಕಬಡ್ಡಿಯ ಜೊತೆಜೊತೆಗೇ ಬೆಳೆದ ಆಟ ಖೋ-ಖೋ. ಜಾತ್ರೆಗಳ ಜನಸಂದಣಿ ಈ ಸೀಮೆಯಲ್ಲಿ ಕುಸ್ತಿಯ ಕಣಕ್ಕೆ ಸೇರುತ್ತದೆ. ಖೋ-ಖೋಗೆ ಸಿಗುವುದು ವಲಯ, ತಾಲ್ಲೂಕು, ಜಿಲ್ಲಾ ಮಟ್ಟದ ಶಾಲಾ ಕ್ರೀಡಾಕೂಟದ ಕೆಲವೇ ದಿನಗಳು. ಆ ಕೂಟಗಳಲ್ಲಿ ಒಬ್ಬ ಓಟಗಾರ ಎರಡು ನಿಮಿಷ ಸಿಗದೆ ಆಡಿದನೆಂದರೆ ಗೆರೆಯಾಚೆ ನಿಂತವರಲ್ಲಿ ಎರಡು ಮಾತು ಹುಟ್ಟುತ್ತವೆ. ಹುಡುಗ ಚುರುಕಾಗಿದ್ದಾನೆ ಎಂಬುದು ಒಂದು. ಚೇಸರ್‌ಗಳು ಎಡವಿದರು, ಇಲ್ಲದಿದ್ದರೆ ಯಾವಾಗಲೋ ಔಟಾಗುತ್ತಿದ್ದ ಎಂಬುದು ಇನ್ನೊಂದು. ಈ ಎರಡು ಮಾತು ಒಂದಕ್ಕೊಂದು ವಿರುದ್ಧವೆಂದು ಬಹಳ ಮಂದಿ ನಂಬಿದ್ದಾರೆ. ಖೋ-ಖೋ ನಿಯಮಗಳು ಬೆಳೆದುಬಂದ ಬಗೆಯನ್ನು ನೋಡಿದರೆ ಅವು ಒಂದೇ ಘಟನೆಯ ಎರಡು ವರ್ಣನೆಗಳು. ಚೇಸರ್‌ನ ಲೋಪಗಳಲ್ಲಿ ಹೆಚ್ಚಿನವು ಓಟಗಾರ ಬೇಕೆಂದೇ ಮಾಡಿಸಿದ ಲೋಪಗಳು.

ಬೆನ್ನಟ್ಟಿ ಮುಟ್ಟುವ ಆಟ ಎಲ್ಲ ಊರಿನ ಮಕ್ಕಳದ್ದೂ ಹೌದು, ಅದಕ್ಕೆ ಹುಟ್ಟಿದ ವರ್ಷ ಹುಡುಕುವುದು ವ್ಯರ್ಥ. ಆದರೆ ಇಂದಿನ ಖೋ-ಖೋಗೆ ಒಂದು ಆರಂಭವಿದೆ. 1914ರಲ್ಲಿ ಪುಣೆಯ ಡೆಕ್ಕನ್ ಜಿಮ್‌ಖಾನಾ ಮೊದಲ ಬಾರಿಗೆ ಲಿಖಿತ ನಿಯಮಗಳನ್ನು ರೂಪಿಸಿತು. ಆಗ ಕಂಬಗಳಿರಲಿಲ್ಲ, ಕಂಬ ನಿಲ್ಲಬೇಕಾದ ಎರಡು ತುದಿಗಳಲ್ಲಿ ಅಷ್ಟಾಗಿ ಪಳಗದ ಇಬ್ಬರು ಆಟಗಾರರನ್ನು ಕೂರಿಸಿ, ಅವರನ್ನು ಸುತ್ತಿ ಬರುತ್ತಿದ್ದರು. ಬಡೋದೆಯ ಹಿಂದ್ ವಿಜಯ್ ಜಿಮ್‌ಖಾನಾ ಮುಂದಿನ ದಶಕದಲ್ಲಿ ತನ್ನದೇ ನಿಯಮಾವಳಿ ಹೊರತಂದಿತು. ಇವೆಲ್ಲ ಒಂದು ಹದಕ್ಕೆ ಬಂದು ಅಖಿಲ ಭಾರತ ಮಟ್ಟದ ಮೊದಲ ಪಂದ್ಯಾವಳಿ ವಿಜಯವಾಡದಲ್ಲಿ ನಡೆಯುವ ಹೊತ್ತಿಗೆ 1959-60 ಬಂದಿತ್ತು. ಬೆಳಗಾವಿ ಜಿಲ್ಲೆ 1956ರ ರಾಜ್ಯ ಪುನರ್ವಿಂಗಡಣೆಯವರೆಗೂ ಮುಂಬಯಿ ಆಡಳಿತಕ್ಕೆ ಸೇರಿದ್ದು, ಇಲ್ಲಿನ ಶಾಲೆಗಳು ಆ ಪ್ರಾಂತದ ಶಿಕ್ಷಣ ವ್ಯವಸ್ಥೆಯೊಳಗಿದ್ದವು. ಪುಣೆ–ಬೆಂಗಳೂರು ಹೆದ್ದಾರಿ ಹುಕ್ಕೇರಿ ತಾಲ್ಲೂಕಿನ ಸಂಕೇಶ್ವರವನ್ನು ಹಾದುಹೋಗುತ್ತದೆ. ಮಿರಜಿನಿಂದ ಬೆಳಗಾವಿಗೆ ಬರುವ ರೈಲು ಘಟಪ್ರಭಾ, ಗೋಕಾಕ ರೋಡ್ ನಿಲ್ದಾಣಗಳನ್ನು ದಾಟಿಯೇ ಬರಬೇಕು. ಆಟದ ಶಿಸ್ತು ರೂಪುಗೊಂಡ ಊರುಗಳಿಗೂ ಈ ತಾಲ್ಲೂಕುಗಳಿಗೂ ಇರುವ ನಂಟು ಹೀಗೆ ಹಳೆಯದು ಮತ್ತು ಹತ್ತಿರದ್ದು.

ನಿಯಮಗಳ ಒಳಗುಟ್ಟು ಅವುಗಳ ಅಸಮಾನತೆಯಲ್ಲಿದೆ. ಎರಡು ಕಂಬಗಳ ನಡುವಿನ ಓಣಿಯಲ್ಲಿ ಎಂಟು ಚೇಸರ್‌ಗಳು ಒಬ್ಬರ ಮುಖ ಒಂದು ಕಡೆ, ಪಕ್ಕದವರ ಮುಖ ಇನ್ನೊಂದು ಕಡೆ ಇರುವಂತೆ ಚೌಕಗಳಲ್ಲಿ ಕೂರುತ್ತಾರೆ. ಒಂಬತ್ತನೆಯವನು ಎದ್ದು ಬೆನ್ನಟ್ಟುತ್ತಾನೆ, ಬೇಕಾದಾಗ ಕೂತವನೊಬ್ಬನಿಗೆ 'ಖೋ' ಎಂದು ಕೂಗಿ ಬೆನ್ನಟ್ಟುವ ಸರದಿ ಒಪ್ಪಿಸುತ್ತಾನೆ. ಓಟಗಾರ ಕೂತವರ ನಡುವೆ ಎಲ್ಲಿ ಬೇಕಾದರೂ ನುಸುಳಬಹುದು, ನಿಲ್ಲಬಹುದು, ಹಿಂದಿರುಗಬಹುದು. ಚೇಸರ್‌ಗೆ ಈ ಸ್ವಾತಂತ್ರ್ಯವಿಲ್ಲ. ಅವನು ನಡು ಓಣಿ ದಾಟುವಂತಿಲ್ಲ. ಒಮ್ಮೆ ಹಿಡಿದ ದಿಕ್ಕನ್ನು ಕಂಬ ಸುತ್ತುವವರೆಗೆ ಬದಲಿಸುವಂತಿಲ್ಲ. ಕೂತವನ ಚೌಕ ದಾಟಿಹೋದ ಮೇಲೆ ಹಿಂದೆ ಬಂದು ಖೋ ಕೊಡುವಂತಿಲ್ಲ. ಕೊಡುವಾಗ ಬೆನ್ನ ಹಿಂದಿನಿಂದಲೇ, ಕೇಳುವಂತೆ ಕೊಡಬೇಕು. ಕೂತವನು ಖೋ ಬೀಳುವ ಮೊದಲು ಏಳುವಂತಿಲ್ಲ. ಇದರಲ್ಲಿ ಯಾವುದು ತಪ್ಪಿದರೂ ಫೌಲ್. ಸೀಟಿ ಊದಿದೊಡನೆ ಚೇಸರ್ ಎದುರು ದಿಕ್ಕಿಗೆ ತಿರುಗಬೇಕು. ಫೌಲ್‌ನಿಂದ ಸಿಕ್ಕ ಔಟ್ ಔಟೇ ಅಲ್ಲ. ಓಟಗಾರನಿಗಿರುವ ಕಟ್ಟುಪಾಡುಗಳು ಕೆಲವೇ: ಅಂಗಣ ಬಿಟ್ಟು ಹೊರಹೋಗಬಾರದು, ಕೂತವರನ್ನು ಮುಟ್ಟಬಾರದು. ಇಷ್ಟೊಂದು ಬಾಗಿಲುಗಳನ್ನು ಚೇಸರ್‌ಗೆ ಮುಚ್ಚಿರುವ ಆಟದಲ್ಲಿ ಓಟಗಾರನ ಜಾಣ್ಮೆ ತಪ್ಪಿಸಿಕೊಳ್ಳುವುದಕ್ಕಷ್ಟೇ ನಿಲ್ಲಲಾರದು. ಎದುರಾಳಿಯನ್ನು ಯಾವ ಮುಚ್ಚಿದ ಬಾಗಿಲಿನ ಮುಂದೆ ತಂದು ನಿಲ್ಲಿಸಬೇಕೆಂದು ಅವನು ಹೊಂಚುತ್ತಲೇ ಇರುತ್ತಾನೆ.

ಪಳಗಿದ ಓಟಗಾರನ ಆಟವನ್ನು ಬಿಡಿಸಿ ನೋಡಿದರೆ ಇದು ಸ್ಪಷ್ಟವಾಗುತ್ತದೆ. ಕೂತವರ ನಡುವೆ ಹಾವಿನ ಹಾದಿಯಲ್ಲಿ ಸಾಗುವ ಚೈನ್ ಆಟದಲ್ಲಿ ಅವನು ಪ್ರತಿ ಹೆಜ್ಜೆಗೂ ಚೇಸರ್‌ನ ಎದುರು ಮಗ್ಗುಲಿಗೆ ಹೋಗುತ್ತಾನೆ, ಚೇಸರ್ ಖೋ ಕೊಡಲೇಬೇಕಾಗುತ್ತದೆ. ಒಂದೊಂದು ಖೋ ಕೂಡ ತಪ್ಪಿಗೆ ತೆರೆದ ಒಂದೊಂದು ಅವಕಾಶ. ಕಂಬದ ಬಳಿ ಎರಡು ಮೂರು ಚೌಕಗಳನ್ನೇ ಸುತ್ತುವ ರಿಂಗ್ ಆಟದಲ್ಲಿ ಅವನು ಚೇಸರ್‌ನ ಮುಖ ನೋಡುತ್ತಲೇ ಓಡುತ್ತಾನೆ. ಖೋ ಕೊಡಬೇಕಾದ ಚೌಕದ ಹತ್ತಿರ ಬಂದಾಗ ಥಟ್ಟನೆ ನಿಂತುಬಿಡುತ್ತಾನೆ. ಓಟದ ಭರದಲ್ಲಿ ಚೇಸರ್ ಒಂದು ಹೆಜ್ಜೆ ಮುಂದೆ ಹೋದನೋ, ಆ ಚೌಕ ಅವನ ಪಾಲಿಗೆ ಮುಗಿಯಿತು. ಕೂತವನ ಮೊಣಕಾಲಿಗೆ ತಾಗುವಷ್ಟು ಸಮೀಪದಲ್ಲಿ ಹಾಯುವುದು ಇನ್ನೊಂದು ವರಸೆ. ಅಪಾಯದ ಈ ಓಟಕ್ಕೆ ಒಂದೇ ಕಾರಣ: ಕೂತವನ ಕೈ ತಡೆಯದೆ ಖೋಗೆ ಮುಂಚೆಯೇ ಅವನು ಎದ್ದುಬಿಡಲಿ ಎಂಬುದು. ಸ್ಕೋರ್ ಪುಸ್ತಕ ಬರೆಯುವವನಿಗೆ ಕಾಣುವುದು ಚೇಸರ್‌ನ ಫೌಲ್ ಮಾತ್ರ. ಅದನ್ನು ಹೊಂಚಿ ತಂದವನ ಹೆಸರಿಗೆ ಅಲ್ಲಿ ಜಾಗವಿಲ್ಲ.

ಇದೇ ತೊಡಕು ಅಮೆರಿಕದ ಬೇಸ್‌ಬಾಲ್‌ನಲ್ಲಿ ನೂರು ವರ್ಷಕ್ಕೂ ಮಿಕ್ಕಿ ಚರ್ಚೆಯಾಗಿದೆ. ಅಲ್ಲಿ ಓಟಗಾರ ಒಂದು ಬೇಸಿನಿಂದ ಮುಂದಿನದಕ್ಕೆ ಓಡುವಾಗ ಅವನಿಗೆ ಸಲ್ಲಬೇಕಾದದ್ದೆಷ್ಟು, ಕ್ಷೇತ್ರರಕ್ಷಕರ ತಪ್ಪೆಷ್ಟು ಎಂದು ಅಧಿಕೃತ ಸ್ಕೋರರ್ ತೀರ್ಮಾನಿಸುತ್ತಾನೆ. 1920ರಿಂದ, ಎದುರಾಳಿಗಳು ತಡೆಯುವ ಯತ್ನವನ್ನೇ ಮಾಡದಿದ್ದರೆ ಕದ್ದ ಬೇಸಿನ ಲೆಕ್ಕ ಓಟಗಾರನಿಗೆ ಸಿಗುವುದಿಲ್ಲ. ಲೆಕ್ಕ ಎಷ್ಟು ನಾಜೂಕಾದರೂ ಗಂಟು ಬಿಚ್ಚಿಲ್ಲ ಎನ್ನುವುದಕ್ಕೆ 1946ರ ವರ್ಲ್ಡ್ ಸೀರೀಸ್ ಸಾಕ್ಷಿ. ಏಳನೆಯ ಪಂದ್ಯದ ಎಂಟನೆಯ ಇನಿಂಗ್ಸ್, ಅಂಕ 3-3. ಸೇಂಟ್ ಲೂಯಿಸ್ ಕಾರ್ಡಿನಲ್ಸ್‌ನ ಈನೋಸ್ ಸ್ಲಾಟರ್ ಮೊದಲ ಬೇಸಿನಲ್ಲಿದ್ದ. ಚೆಂಡು ಎಸೆಯುತ್ತಿದ್ದಂತೆಯೇ ಓಟ ಕಿತ್ತ ಅವನು, ಹ್ಯಾರಿ ವಾಕರ್ ಹೊಡೆದ ಹೊಡೆತಕ್ಕೆ ಎಲ್ಲೂ ನಿಲ್ಲದೆ ಹೋಮ್ ಪ್ಲೇಟ್ ಮುಟ್ಟಿ ಪಂದ್ಯ ಗೆಲ್ಲಿಸಿದ. ಬಾಸ್ಟನ್‌ನ ಜಾನಿ ಪೆಸ್ಕಿ ಚೆಂಡನ್ನು ಒಂದು ಕ್ಷಣ ಹಿಡಿದು ನಿಂತ ಎಂಬ ಆರೋಪ ಅವನ ಬೆನ್ನು ಬಿಡಲೇ ಇಲ್ಲ. ದಾಖಲೆಯಲ್ಲಿ ಪೆಸ್ಕಿಯ ಮೇಲೆ ದೋಷವಿಲ್ಲ. ಆ ಕ್ಷಣ ಅವನು ತಡೆದಿದ್ದರೂ ಕಾರಣ ಒಂದೇ: ಯಾರೂ ಓಡದ ಜಾಗದಲ್ಲಿ ಸ್ಲಾಟರ್ ಓಡುತ್ತಿದ್ದ. ಇದರ ಮಗ್ಗುಲು ತಿರುಗಿಸಿದ ಉದಾಹರಣೆ ನಮ್ಮ ಬೆಂಗಳೂರಿನಲ್ಲೇ ಇದೆ. 2016ರ ಮಾರ್ಚ್ 23ರಂದು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಭಾರತದ ವಿರುದ್ಧದ ಕ್ರಿಕೆಟ್ ಪಂದ್ಯದಲ್ಲಿ ಬಾಂಗ್ಲಾದೇಶಕ್ಕೆ ಕೊನೆಯ ಮೂರು ಎಸೆತಗಳಲ್ಲಿ ಎರಡು ರನ್ ಬೇಕಿತ್ತು. ಎರಡು ವಿಕೆಟ್ ಕ್ಯಾಚಿಗೆ ಹೋದವು. ಕೊನೆಯ ಎಸೆತಕ್ಕೆ ಬಲಗೈ ಗ್ಲೌಸ್ ಕಳಚಿ ಸಿದ್ಧನಾಗಿದ್ದ ಧೋನಿ ಓಡಿಬಂದು ಬೇಲ್ಸ್ ಹಾರಿಸಿದರು. ಭಾರತ ಒಂದು ರನ್ನಿನಿಂದ ಗೆದ್ದಿತು. ಅಲ್ಲಿ ಓಡಿದವರು ತಪ್ಪಿದರೆನ್ನುವುದಕ್ಕಿಂತ, ಆ ತಪ್ಪಿಗೆ ಒಬ್ಬರು ಮೊದಲೇ ತಯಾರಾಗಿದ್ದರು ಎನ್ನುವುದು ನಿಜಕ್ಕೆ ಹತ್ತಿರ.

ಇದಕ್ಕೆ ಎದುರಾಗುವ ಆಕ್ಷೇಪಗಳು ಹಗುರವಲ್ಲ. ಶಾಲಾ ಪಂದ್ಯಗಳಲ್ಲಿ ಆಗುವ ಫೌಲ್‌ಗಳಲ್ಲಿ ಅಭ್ಯಾಸದ ಕೊರತೆಯದ್ದೇ ದೊಡ್ಡ ಪಾಲು ಎನ್ನುವವರಿದ್ದಾರೆ. ಓಟಗಾರ ದೂರದ ಕಂಬದ ಬಳಿ ಇದ್ದಾಗಲೂ ಖೋಗೆ ಮುಂಚೆ ಏಳುವ ಹುಡುಗರುಂಟು. ಅದನ್ನು ಯಾರ ಜಾಣ್ಮೆಗೂ ಜಮೆ ಮಾಡಲಾಗದು. ಈ ಮಾತನ್ನು ಒಪ್ಪಲೇಬೇಕು. ಆದರೆ ಈ ಆಕ್ಷೇಪದೊಳಗೇ ಅಳತೆಗೋಲೊಂದು ಸಿಗುತ್ತದೆ: ಲೋಪವಾದಾಗ ಓಟಗಾರ ಎಲ್ಲಿದ್ದ ಎಂದು ನೋಡಬೇಕು. ಅವನು ಎರಡು ಚೌಕದೊಳಗಿದ್ದು ಚೇಸರ್ ಎಡವಿದರೆ ಅದು ಒತ್ತಡದ ಫಲ. ಅಂಗಣದ ಆಚೆ ತುದಿಯಲ್ಲಿದ್ದಾಗ ಎಡವಿದರೆ ಬರೀ ಅಜಾಗರೂಕತೆ. ಫೌಲ್‌ನಿಂದ ಅಂಕವೇನೂ ಹೋಗುವುದಿಲ್ಲ, ಹಾಗಾಗಿ ಅದಕ್ಕೆ ಇಷ್ಟು ಮಹತ್ವ ಬೇಡ ಎನ್ನುವುದು ಇನ್ನೊಂದು ಆಕ್ಷೇಪ. ಒಂಬತ್ತು ನಿಮಿಷದ ಸರದಿಯಲ್ಲಿ ಚೇಸರ್ ತಂಡದ ಬಂಡವಾಳವೆಲ್ಲ ಹೊತ್ತು. ಎದುರು ದಿಕ್ಕಿಗೆ ತಿರುಗಿದ ಚೇಸರ್ ಹೊಸದಾಗಿ ಸರಪಳಿ ಕಟ್ಟುವಷ್ಟರಲ್ಲಿ ಓಟಗಾರನಿಗೆ ಉಸಿರು ಮರಳುತ್ತದೆ. ದಣಿದ ಓಟಗಾರನಿಗೆ ನಾಲ್ಕು ಸೆಕೆಂಡಿನ ಬಿಡುವು ಸಣ್ಣದಲ್ಲ.

ಗೋಕಾಕ, ಮೂಡಲಗಿ, ಹುಕ್ಕೇರಿಯ ಆಟಕ್ಕೆ ನೆಲದ ಗುಣವೂ ಸೇರಿಕೊಂಡಿದೆ. ಘಟಪ್ರಭೆಯ ಬಯಲಿನ ಎರಿಮಣ್ಣು ಮಳೆ ಬಿದ್ದರೆ ಕಾಲಿಗೆ ಮೆತ್ತುತ್ತದೆ, ಒಣಗಿದರೆ ಬಿರುಕು ಬಿಡುತ್ತದೆ. ಗುಡ್ಡದ ಮಗ್ಗುಲಿನ ಊರುಗಳಲ್ಲಿ ಗರಸು ನೆಲ. ಶಾಲಾ ಪಂದ್ಯಗಳು ನಡೆಯುವುದೂ ಬಹುತೇಕ ಮಳೆಗಾಲದ ತಿಂಗಳುಗಳಲ್ಲೇ. ಗರಸಿನ ಮೇಲೆ ಮೈಚೆಲ್ಲಿ ಡೈವ್ ಹೊಡೆಯುವ ಧೈರ್ಯ ಯಾವ ಮಗುವಿಗೂ ಬರಬಾರದು, ಬಂದರೆ ಮೊಣಕೈ ಮೊಣಕಾಲು ಉಳಿಯುವುದಿಲ್ಲ. ಹಾಗಾಗಿ ಕಂಬ ಹಿಡಿದು ಜಿಗಿಯುವ ಪೋಲ್ ಡೈವ್ ಇಂಥ ಅಂಗಣದಲ್ಲಿ ಅಪರೂಪ, ಥಟ್ಟನೆ ನಿಲ್ಲುವ, ತಿರುಗುವ, ಭುಜ ತೋರಿಸಿ ಮೋಸಗೊಳಿಸುವ ಡಾಜ್‌ಗೆ ಬೆಲೆ ಹೆಚ್ಚು. ಈ ಮೂರೂ ತಾಲ್ಲೂಕುಗಳು ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಗೆ ಸೇರಿವೆ. ಇತ್ತೀಚಿನವರೆಗೂ ಗೋಕಾಕ ತಾಲ್ಲೂಕಿನ ಭಾಗವಾಗಿದ್ದ ಮೂಡಲಗಿ, ತಾಲ್ಲೂಕಾಗುವ ಮೊದಲೇ ಶೈಕ್ಷಣಿಕ ವಲಯವಾಗಿತ್ತು. ಹಾಗಾಗಿ ನೆರೆಹೊರೆಯ ಈ ತಂಡಗಳು ಜಿಲ್ಲಾ ಮಟ್ಟದಲ್ಲಿ ಎದುರಾಗುವುದು ಸಹಜ. ನೆಲ ಒಂದೇ ಬಗೆಯದ್ದಾದಾಗ ಗೆಲುವು ತೀರ್ಮಾನವಾಗುವುದು ಯಾರು ಯಾರಿಂದ ಹೆಚ್ಚು ಫೌಲ್ ಹೊರಡಿಸಿದರು ಎಂಬುದರ ಮೇಲೆ.

ಮ್ಯಾಟ್ ಬಂದ ಮೇಲೆ ಚಿತ್ರ ಬದಲಾಯಿತು. 2022ರಲ್ಲಿ ಆರು ತಂಡಗಳೊಡನೆ ಪುಣೆಯಲ್ಲಿ ಶುರುವಾದ ಅಲ್ಟಿಮೇಟ್ ಖೋ-ಖೋ ಲೀಗ್ ಸರದಿಯನ್ನು ಏಳು ನಿಮಿಷಕ್ಕೆ ಇಳಿಸಿತು, ಡೈವ್‌ಗೆ ಹೆಚ್ಚು ಅಂಕ ಕೊಟ್ಟಿತು, ಯಾವ ದಿಕ್ಕಿಗೆ ಬೇಕಾದರೂ ಓಡಬಲ್ಲ 'ವಜೀರ್' ಎಂಬ ಚೇಸರ್‌ನನ್ನು ತಂದಿತು. ಮುಚ್ಚಿದ್ದ ಬಾಗಿಲುಗಳಲ್ಲಿ ಮುಖ್ಯವಾದದ್ದನ್ನೇ ತೆರೆದ ಮೇಲೆ ಓಟಗಾರನ ಹೊಂಚಿಗೆ ಜಾಗವೆಲ್ಲಿ ಎಂಬ ಆತಂಕ ಹಳಬರಲ್ಲಿ ಮೂಡಿದ್ದು ಸರಿಯೇ. ಆದರೆ ಅದೇ ನಿಯಮಾವಳಿ ಹಳೆಯ ಅನ್ಯಾಯವೊಂದನ್ನೂ ಸರಿಪಡಿಸಿತು. ಸಾಂಪ್ರದಾಯಿಕ ಖೋ-ಖೋದಲ್ಲಿ ಓಟಗಾರ ಉಳಿದ ಹೊತ್ತು ಹಾಳೆಯಲ್ಲಿ ದಾಖಲಾಗುತ್ತಿತ್ತೇ ಹೊರತು ಅಂಕಗಳೆಲ್ಲ ಚೇಸರ್‌ಗಳದ್ದೇ. ಒಟ್ಟಿಗೆ ಅಂಗಣಕ್ಕಿಳಿದ ಓಟಗಾರರ ಒಂದು ಬ್ಯಾಚ್ ನಿಗದಿತ ಹೊತ್ತಿಗಿಂತ ಹೆಚ್ಚು ಉಳಿದರೆ 'ಡ್ರೀಮ್ ರನ್' ಎಂದು ಅಂಕ ಕೊಡುವ ಪದ್ಧತಿಯಿಂದ, ಸಿಗದೆ ಉಳಿಯುವುದೂ ಒಂದು ಗಳಿಕೆ ಎಂದು ಆಟ ಒಪ್ಪಿಕೊಂಡಂತಾಯಿತು.

2025ರ ಜನವರಿ 13ರಿಂದ 19ರವರೆಗೆ ದೆಹಲಿಯ ಇಂದಿರಾ ಗಾಂಧಿ ಒಳಾಂಗಣ ಕ್ರೀಡಾಂಗಣದಲ್ಲಿ ನಡೆದ ಮೊದಲ ವಿಶ್ವಕಪ್‌ನಲ್ಲಿ ಇದರ ಪರೀಕ್ಷೆಯಾಯಿತು. ಫೈನಲ್‌ಗಳಲ್ಲಿ ಭಾರತದ ಪುರುಷರು ನೇಪಾಳವನ್ನು 54-36ರಿಂದ, ಮಹಿಳೆಯರು 78-40ರಿಂದ ಸೋಲಿಸಿದರು. ಪುರುಷರ ತಂಡದಲ್ಲಿ ಕರ್ನಾಟಕದ ಎಂ.ಕೆ. ಗೌತಮ್ ಇದ್ದರು, ಮಹಿಳೆಯರಲ್ಲಿ ಮೈಸೂರು ಜಿಲ್ಲೆಯ ತಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಬಿ. ಚೈತ್ರಾ. ಮಹಿಳೆಯರ ಫೈನಲ್‌ನ ಕೊನೆಯ ಸರದಿಯಲ್ಲಿ ಚೈತ್ರಾ ಇದ್ದ ಬ್ಯಾಚ್ 5 ನಿಮಿಷ 14 ಸೆಕೆಂಡು ಸಿಗದೆ ಆಡಿ ತಂಡದ ಅಂಕವನ್ನು 78ಕ್ಕೆ ಮುಟ್ಟಿಸಿತು, ಪಂದ್ಯದ ಅತ್ಯುತ್ತಮ ಆಟಗಾರ್ತಿ ಗೌರವವೂ ಅವರಿಗೇ ಸಂದಿತು. ಐದು ನಿಮಿಷ ದಾಟಿದ ಆ ಆಟವನ್ನು ನೇಪಾಳದ ಚೇಸರ್‌ಗಳ ವೈಫಲ್ಯ ಎಂದು ಬರೆಯಲು ಯಾವ ವರದಿಗಾರನಿಗೂ ಈ ಬಾರಿ ಆಸ್ಪದವಿರಲಿಲ್ಲ, ಏಕೆಂದರೆ ಫಲಕದ ಮೇಲೆ ಅದು ಓಡಿದವರ ಅಂಕವಾಗಿ ಬಿದ್ದಿತ್ತು.