ಓವರ್‌ಕ್ಲಾಕಿಂಗ್‌ನಲ್ಲಿ ಪ್ರೊಸೆಸರ್ ತಾಪ ನಿಯಂತ್ರಣ

ಡೆಸ್ಕ್‌ಟಾಪ್ ಕಂಪ್ಯೂಟರಿನ ಪ್ರೊಸೆಸರನ್ನು ತಯಾರಕರು ನಿಗದಿಪಡಿಸಿದ ವೇಗವನ್ನು ಮೀರಿ ಓಡಿಸುವಾಗ ಹೆಚ್ಚುವ ಶಾಖವನ್ನು ಮಿತಿಯಲ್ಲಿಡುವ ಕ್ರಮ.

ಕಾರಣ: ಚಿಪ್ಪಿನ ಚಾಲನಾ ವಿದ್ಯುತ್ ಬಳಕೆ ಆವರ್ತನಕ್ಕೂ ವೋಲ್ಟೇಜಿನ ವರ್ಗಕ್ಕೂ ಅನುಪಾತದಲ್ಲಿರುತ್ತದೆ. ವೋಲ್ಟೇಜನ್ನು ಶೇ. 10ರಷ್ಟು ಏರಿಸಿದರೆ, ಆವರ್ತನ ಬದಲಾಗದಿದ್ದರೂ ಈ ಬಳಕೆ ಶೇ. 21ರಷ್ಟು ಹೆಚ್ಚುತ್ತದೆ.

ಶಾಖದ ಹಾದಿ: ಶಾಖವು ಚಿಪ್ಪಿನಿಂದ ಲೋಹದ ಮುಚ್ಚಳ, ಥರ್ಮಲ್ ಪೇಸ್ಟ್, ಹೀಟ್‌ಸಿಂಕ್‌ಗಳ ಮೂಲಕ ಸಾಗಿ ಫ್ಯಾನಿನ ಗಾಳಿಗೆ ಸೇರುತ್ತದೆ, ದ್ರವ ತಂಪುಕಾರಕಗಳಲ್ಲಿ ಪಂಪು ಅದನ್ನು ರೇಡಿಯೇಟರಿಗೆ ಒಯ್ಯುತ್ತದೆ. ಈ ಹಾದಿಯ ಪ್ರತಿ ಪದರವೂ ಮುಖ್ಯ. 2012ರ ಇಂಟೆಲ್ ಕೋರ್ ಐ7-3770ಕೆ ಪ್ರೊಸೆಸರಿನಲ್ಲಿ ಚಿಪ್ಪು ಹಾಗೂ ಮುಚ್ಚಳದ ನಡುವೆ ಬೆಸುಗೆಯ ಬದಲು ಪೇಸ್ಟ್ ಬಳಸಿದ್ದರಿಂದ, ಓವರ್‌ಕ್ಲಾಕ್ ಮಾಡುವವರು ಮುಚ್ಚಳ ತೆಗೆದು ಪೇಸ್ಟ್ ಬದಲಿಸತೊಡಗಿದರು. 2018ರ ಐ9-9900ಕೆ ಮಾದರಿಯಲ್ಲಿ ಬೆಸುಗೆ ಮರಳಿತು.

ಮಿತಿ: ಗರಿಷ್ಠ ತಾಪಮಾನವು ಐ9-9900ಕೆಗೆ 100 ಡಿಗ್ರಿ ಸೆಲ್ಸಿಯಸ್, ಎಎಂಡಿ ರೈಜನ್ 9 7950ಎಕ್ಸ್‌ಗೆ 95 ಡಿಗ್ರಿ. ಅದನ್ನು ಮುಟ್ಟಿದಾಗ ಪ್ರೊಸೆಸರ್ ತಾನೇ ವೇಗ ತಗ್ಗಿಸುತ್ತದೆ. ಇನ್ನೂ ಏರಿದರೆ ಕಂಪ್ಯೂಟರ್ ಆರಿಹೋಗುತ್ತದೆ.

ವಿಧಾನ: ಆವರ್ತನವನ್ನು ಹಂತಹಂತವಾಗಿ ಏರಿಸಿ, ಪೂರ್ಣ ಹೊರೆಯಲ್ಲಿ ತಾಪಮಾನ ಗಮನಿಸಿ, ಸ್ಥಿರವಾಗಿ ಓಡಲು ಸಾಕಾಗುವ ಕನಿಷ್ಠ ವೋಲ್ಟೇಜನ್ನೇ ಉಳಿಸಿಕೊಳ್ಳುವುದು ಸುರಕ್ಷಿತ ಕ್ರಮ.