ವ್ಯಾಸಪೀಠವೇರಿದ ದೇವನೂರಿನ ಕಾವ್ಯ

ಕಡೂರು ತಾಲ್ಲೂಕಿನ ದೇವನೂರಿನ ಲಕ್ಷ್ಮೀರಮಣನಿಗೆ ಲಕ್ಷ್ಮೀಶ ಕವಿ ತನ್ನ ‘ಜೈಮಿನಿ ಭಾರತ’ವನ್ನು ಒಪ್ಪಿಸಿದನೆಂಬುದು ಈ ಸೀಮೆಯ ನಂಬಿಕೆ, ಬಹುಪಾಲು ವಿದ್ವಾಂಸರ ಮತವೂ ಅದೇ. ಕವಿಯ ಕಾಲ ಮಾತ್ರ ಇನ್ನೂ ಇತ್ಯರ್ಥವಾಗಿಲ್ಲ. ಹದಿನಾರನೆಯ ಶತಮಾನವೆನ್ನುವವರಿದ್ದಾರೆ, ಹದಿನೆಂಟರ ಆರಂಭಕ್ಕೆ ತರುವವರೂ ಇದ್ದಾರೆ. ನನ್ನ ಕುತೂಹಲ ಕವಿಯ ಕಾಲಕ್ಕಿಂತ ಕಾವ್ಯದ ಪದವಿಯ ಮೇಲಿದೆ. ಈ ಕಥೆ ವ್ಯಾಸರದಲ್ಲ. ಜೈಮಿನಿಯ ಹೆಸರಿನಲ್ಲಿರುವ ಅಶ್ವಮೇಧ ಪರ್ವದ ಕನ್ನಡ ರೂಪ ಇದು. ಚಂದ್ರಹಾಸನಾಗಲಿ ಸುಧನ್ವನಾಗಲಿ ವ್ಯಾಸಭಾರತದಲ್ಲಿ ಸಿಗುವುದಿಲ್ಲ. ಇದನ್ನು ಶಾಸ್ತ್ರಗ್ರಂಥವೆಂದು ಯಾವ ಮಠವೂ ಸಾರಲಿಲ್ಲ, ಯಾವ ಅರಸನೂ ಶಾಸನ ಹಾಕಿಸಲಿಲ್ಲ. ಹಾಗಿದ್ದೂ ಹಳೆಯ ಮೈಸೂರು ಸೀಮೆಯ ಉದ್ದಗಲಕ್ಕೆ ಈ ಹೊತ್ತಗೆಯನ್ನು ವ್ಯಾಸಪೀಠದ ಮೇಲಿಟ್ಟು, ಅರಿಸಿನ ಕುಂಕುಮ ಹಚ್ಚಿ, ಹೂವೇರಿಸಿ, ದೀಪ ಬೆಳಗಿ, ಆಮೇಲೆ ಓದತೊಡಗುವ ರೂಢಿ ಬೆಳೆಯಿತು. ಗಟ್ಟಿಯಾಗಿ ಓದಿಸಿ ಕೇಳುವ ಪದ್ಧತಿಯೇ ಇಲ್ಲಿ ಒಂದು ಕಾವ್ಯವನ್ನು ಪೂಜ್ಯ ಗ್ರಂಥವಾಗಿಸಿತು, ಆ ಪದವಿಯನ್ನು ಕೊಟ್ಟವರು ಕೇಳುಗರು ಎಂಬುದು ನನ್ನ ವಾದ.

ಕೇಳುವ ಈ ಅಭ್ಯಾಸ ಲಕ್ಷ್ಮೀಶನಿಗಿಂತ ಬಹಳ ಹಳೆಯದು. ದೇಗುಲದಲ್ಲಿ ಭಾರತ ಓದುವುದಕ್ಕೆ ಪಾಲು ಮೀಸಲಿಟ್ಟ ಮಾತು ಏಳನೆಯ ಶತಮಾನದ ಪಲ್ಲವರ ಕೂರಂ ತಾಮ್ರಪಟದಲ್ಲೇ ಬರುತ್ತದೆ. ಬಾಣನ ‘ಕಾದಂಬರಿ’ಯಲ್ಲಿ ರಾಣಿ ವಿಲಾಸವತಿ ಮಹಾಕಾಲನ ಗುಡಿಗೆ ಹೋದಾಗ ಅಲ್ಲಿ ಮಹಾಭಾರತದ ವಾಚನ ನಡೆದಿರುತ್ತದೆ. ನಮ್ಮ ಸೀಮೆಯಲ್ಲೇ ಕಣ್ಣಿಗೆ ಕಾಣುವ ಸಾಕ್ಷಿ ಬೇಕಿದ್ದರೆ ತರೀಕೆರೆಗೆ ಹತ್ತಿರದ ಅಮೃತಾಪುರಕ್ಕೆ ಹೋಗಬೇಕು. ಎರಡನೆಯ ವೀರಬಲ್ಲಾಳನ ದಂಡನಾಯಕ ಅಮೃತೇಶ್ವರ 1196ರಲ್ಲಿ ಕಟ್ಟಿಸಿದ ಗುಡಿ ಅದು. ಅಲ್ಲಿನ ಕಲ್ಬರಹದ ಪದ್ಯಗಳು ಕವಿ ಜನ್ನನವು. ಅವು ಪಂಡಿತರಿಗೆ ರುಚಿಸುವ ಹಳಗನ್ನಡ. ಹೊಲದಿಂದ ಬಂದ ಒಕ್ಕಲಿಗನಿಗೆ ಅದನ್ನು ಯಾರಾದರೂ ಬಿಡಿಸಿ ಹೇಳಬೇಕು. ಅದೇ ಗುಡಿಯ ಮಂಟಪದ ಹೊರಗೋಡೆಯ ಸಾಲು ನೋಡಿ: ದಕ್ಷಿಣಕ್ಕೆ ರಾಮಾಯಣದ 70 ಫಲಕ, ಉತ್ತರಕ್ಕೆ ಕೃಷ್ಣನ ಬಾಳಿನ 25 ಮತ್ತು ಮಹಾಭಾರತದ 45. ಒಂದು ಗೇಣಿನ ಆಸುಪಾಸಿನ ಕಲ್ಲಿನಲ್ಲಿ ಬಿಲ್ಲು ಹಿಡಿದವನು, ಎದುರಿಗೆ ಒಂದು ಜಿಂಕೆ, ಅಷ್ಟೇ. ಇವನು ರಾಮ, ಅದು ಮಾರೀಚ ಎಂದು ಗುರುತಿಸುವುದು ಕಥೆ ಕೇಳಿದವರಿಗೆ ಮಾತ್ರ ಸಾಧ್ಯ. ಗೋಡೆಯ ಮುಂದೆ ನಿಲ್ಲುವವರ ಕಿವಿಯಲ್ಲಿ ಕಥೆ ಆಗಲೇ ತುಂಬಿದೆ ಎಂದು ನಂಬಿಯೇ ರೂವಾರಿ ಉಳಿ ಎತ್ತಿಕೊಂಡಿದ್ದಾನೆ. ಅಷ್ಟು ಕಥೆ ಅವರ ಕಿವಿ ಸೇರಿದ್ದು ಯಾರೋ ಓದಿದ್ದರಿಂದ, ಹೇಳಿದ್ದರಿಂದ.

ಜನ್ನನ ಶಾಸನದ ಕನ್ನಡದಿಂದ ಲಕ್ಷ್ಮೀಶನ ಕನ್ನಡದವರೆಗಿನ ನಡುವಣ ದಾರಿಯಲ್ಲಿ ಷಟ್ಪದಿ ಬಂತು. ರಾಘವಾಂಕ ಅದನ್ನು ಕಾವ್ಯಕ್ಕೆ ನೆಲೆಗೊಳಿಸಿದ. ಗದುಗಿನ ಕುಮಾರವ್ಯಾಸ ಭಾಮಿನಿಯಲ್ಲಿ ಭಾರತ ಹೇಳಿದ. ಲಕ್ಷ್ಮೀಶ ವಾರ್ಧಕವನ್ನು ಆರಿಸಿಕೊಂಡ. ವಾರ್ಧಕದ ಕಟ್ಟನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಐದೈದು ಮಾತ್ರೆಯ ನಾಲ್ಕು ಗಣದ ಎರಡು ಸಾಲು, ಅಂದರೆ 20 ಮಾತ್ರೆ, ಮತ್ತೆ 20; ಮೂರನೆಯ ಸಾಲು ಆರು ಗಣಕ್ಕೆ ಹಿಗ್ಗಿ ಕೊನೆಗೊಂದು ಗುರುವಿನಲ್ಲಿ ನಿಲ್ಲುತ್ತದೆ, 32 ಮಾತ್ರೆ. ಇದೇ ಇನ್ನೊಮ್ಮೆ. ಆರೂ ಸಾಲಿಗೆ ಎರಡನೆಯ ಅಕ್ಷರದ ಪ್ರಾಸ. ಓದುವವನು ಮೊದಲೆರಡು ಸಾಲಿನಲ್ಲಿ ಸಂಗತಿಯನ್ನು ಇಡುತ್ತಾನೆ, ಮೂರನೆಯದರಲ್ಲಿ ರಾಗವನ್ನು ಬಿಚ್ಚುತ್ತಾನೆ, ಗುರುವಿನ ಮೇಲೆ ನಿಂತು ಉಸಿರು ತೆಗೆದುಕೊಳ್ಳುತ್ತಾನೆ. ಆ ಬಿಡುವಿನಲ್ಲಿ ಕೇಳುಗನಿಗೆ ಅರ್ಥ ಇಳಿಯುತ್ತದೆ. ಮೌನವಾಗಿ ಓದುವ ಕಣ್ಣಿಗೆ ಈ ಗುರು ಕೆಲಸಕ್ಕೆ ಬಾರದ್ದು. ಇದು ಗಂಟಲಿಗಾಗಿ, ಕಿವಿಗಾಗಿ ಮಾಡಿದ ಛಂದಸ್ಸು. ಕವಿಗಳಿಗೂ ಇದು ಗೊತ್ತಿತ್ತು. ಕುಮಾರವ್ಯಾಸ ತನ್ನ ಭಾರತದ ಫಲ ಹೇಳುವಾಗ ವೇದಪಾರಾಯಣದ, ತೀರ್ಥಸ್ನಾನದ ಪುಣ್ಯವನ್ನೆಲ್ಲ ಒಂದೇ ಒಂದು ಅಕ್ಷರ ಕೇಳಿದವರಿಗೆ ಕೊಟ್ಟುಬಿಡುತ್ತಾನೆ.

ಗಮಕವೆಂಬ ಈ ಓದುವ ಕ್ರಮದಲ್ಲೂ ಕೇಳುಗನದೇ ಮೇಲುಗೈ. ಒಬ್ಬರು ವಾಚನ ಮಾಡಿದರೆ ಇನ್ನೊಬ್ಬರು ವ್ಯಾಖ್ಯಾನ ಮಾಡುತ್ತಾರೆ. ತಾಳವಿಲ್ಲ, ಪಕ್ಕವಾದ್ಯದ ಹಂಗಿಲ್ಲ. ರಸಕ್ಕೊಪ್ಪುವ ರಾಗ, ಅರ್ಥಕ್ಕೊಪ್ಪುವ ಪದವಿಭಾಗ, ಇವೆರಡೇ ಗಮಕಿಯ ಬಂಡವಾಳ. ಪದವಿಭಾಗ ತಪ್ಪಿದರೆ ಕಥೆಯೇ ತಪ್ಪುತ್ತದೆ. ಚಂದ್ರಹಾಸನ ಪ್ರಸಂಗವನ್ನು ಈ ಸೀಮೆಯ ಕೇಳುಗರು ಅಷ್ಟು ಹಚ್ಚಿಕೊಂಡದ್ದಕ್ಕೆ ಇದೂ ಒಂದು ಕಾರಣವಿರಬೇಕು. ಹುಡುಗನಿಗೆ ವಿಷ ಕೊಡು ಎಂದು ದುಷ್ಟಬುದ್ಧಿ ಮಗನಿಗೆ ಓಲೆ ಬರೆದು ಆ ಹುಡುಗನ ಕೈಯಲ್ಲೇ ಕಳಿಸುತ್ತಾನೆ. ತೋಟದಲ್ಲಿ ನಿದ್ದೆ ಹೋದವನ ಬಳಿ ಆ ಓಲೆ ಕಂಡ ದುಷ್ಟಬುದ್ಧಿಯ ಮಗಳು ವಿಷಯೆ ಒಂದಕ್ಷರ ತಿದ್ದುತ್ತಾಳೆ. ‘ವಿಷವ’ ಹೋಗಿ ‘ವಿಷಯೆ’ಯಾಗುತ್ತದೆ, ಸಾವು ಹೋಗಿ ಮದುವೆಯಾಗುತ್ತದೆ. ವಾಚಕ ಇಲ್ಲಿ ನಿಲ್ಲಿಸಬೇಕು, ವ್ಯಾಖ್ಯಾನಕಾರ ಆ ಒಂದಕ್ಷರವನ್ನು ಎತ್ತಿ ತೋರಿಸಬೇಕು. ಇಲ್ಲವಾದರೆ ಸಭೆಗೆ ಪ್ರಸಂಗದ ಜೀವವೇ ದಕ್ಕುವುದಿಲ್ಲ. ಯಾವ ಭಾಗವನ್ನು ಯಾವಾಗ ಓದಿಸಬೇಕೆಂಬುದನ್ನೂ ಕೇಳುಗರೇ ಗೊತ್ತುಮಾಡಿದರು. ದುಃಖದ ಕಡೆ ಆ ದಿನದ ಓದನ್ನು ಮುಗಿಸಬಾರದು, ಮಂಗಳ ಬರುವ ಪದ್ಯದವರೆಗೆ ಎಳೆಯಬೇಕು. ಮಳೆ ಹಿಂದಾದರೆ ಕುಮಾರವ್ಯಾಸನ ವಿರಾಟಪರ್ವ ಓದಿಸಬೇಕು. ಧರ್ಮರಾಯ ಇರುವ ನಾಡಿಗೆ ಹೊತ್ತುಹೊತ್ತಿಗೆ ಮಳೆ ಬೆಳೆ ಆಗುತ್ತದೆಂದು ಭೀಷ್ಮ ಹೇಳುವುದು ಆ ಪರ್ವದಲ್ಲೇ. ಪಡುವಣ ಘಟ್ಟ ಮಳೆಯನ್ನು ಹೀರಿಕೊಂಡ ಮೇಲೆ ಉಳಿದದ್ದು ಬರುವ ಕಡೂರಿನಂಥ ಬಯಲಿನಲ್ಲಿ ಈ ಓದು ಎಷ್ಟು ಕಾತರದ್ದಾಗಿತ್ತೆಂದು ಬಿಡಿಸಿ ಹೇಳಬೇಕಿಲ್ಲ. ಇಂಥ ವಿಧಿಯನ್ನು ಕವಿ ಬರೆದಿಡಲಿಲ್ಲ, ಆಗಮದಲ್ಲೂ ಇಲ್ಲ. ಊರವರು ಕಾವ್ಯದೊಳಗಿಂದ ತಮಗೆ ಬೇಕಾದ ಮಂತ್ರವನ್ನು ತಾವೇ ಹುಡುಕಿಕೊಂಡರು.

ಓದು ಬರಹ ಬಾರದ ಕಾಲದ ಅನಿವಾರ್ಯ ಇದು, ಅದಕ್ಕೆ ಇಷ್ಟು ದೊಡ್ಡ ಮಾತೇಕೆ ಎಂದು ಯಾರಾದರೂ ಕೇಳಬಹುದು. ಅಕ್ಷರ ಬಲ್ಲವರು ಕಡಿಮೆ ಇದ್ದರೆಂಬುದು ನಿಜ. ಆದರೆ ಅಕ್ಷರ ಬಂದವನಿಗೂ ಲಕ್ಷ್ಮೀಶ ತಾನಾಗಿ ದಕ್ಕುವವನಲ್ಲ. ತಾಳೆಗರಿಯಲ್ಲಿ ಪದಕ್ಕೂ ಪದಕ್ಕೂ ನಡುವೆ ತೆರಪಿಲ್ಲ, ಸಾಲು ಮುಗಿದಲ್ಲಿ ಸಾಲು ಒಡೆಯುವುದಿಲ್ಲ; ಗರಿಯ ಅಂಚಿನಿಂದ ಅಂಚಿಗೆ ಅಕ್ಷರ ಹರಿಯುತ್ತಲೇ ಇರುತ್ತದೆ. ಬಾಯಲ್ಲಿ ಹೇಳಿ ಬಿಡಿಸಿದಾಗಲೇ ಅದು ಪದ್ಯ. ಇನ್ನು ಅಚ್ಚು ಬಂದ ಮೇಲೆ ಏನಾಯಿತೆಂಬುದನ್ನು ನೋಡೋಣ. ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ಮಂಗಳೂರಿನಲ್ಲಿ 1848ರಿಂದ ಹೊರತಂದ ಹಳೆಯ ಕನ್ನಡ ಕೃತಿಗಳ ಮಾಲೆಯಲ್ಲಿ ಜೈಮಿನಿಯೂ ಇತ್ತು. 1852ರಲ್ಲಿ ಬೆಂಗಳೂರಿನ ವೆಸ್ಲಿಯನ್ ಮಿಷನ್ನಿನ ಡೇನಿಯಲ್ ಸ್ಯಾಂಡರ್ಸನ್ ಇಂಗ್ಲಿಷ್ ಅನುವಾದ ಸಮೇತ ಅದನ್ನು ಪ್ರಕಟಿಸಿದರು. ಪಾದ್ರಿಗಳು ಕನ್ನಡ ಕಲಿಯುವುದಕ್ಕೆ ಈ ಕಾವ್ಯವನ್ನೇ ಹಿಡಿದದ್ದು, ಜನರ ಬಾಯಲ್ಲಿ ಅದು ಎಷ್ಟು ಓಡಾಡುತ್ತಿತ್ತೆಂಬುದಕ್ಕೆ ಪುರಾವೆ. ಅಚ್ಚಿನ ಪ್ರತಿ ಮನೆಮನೆಗೆ ಬಂದಾಗ ಜನ ಅದನ್ನು ಮೂಲೆಯಲ್ಲಿ ಕೂತು ಒಬ್ಬೊಬ್ಬರೇ ಓದಿಕೊಳ್ಳಲಿಲ್ಲ. ಅದೇ ಪ್ರತಿಯನ್ನು ಪೀಠದ ಮೇಲಿಟ್ಟು ಓದಿಸಿದರು. ಬರಿಯ ಅನಿವಾರ್ಯವಾಗಿದ್ದರೆ ಶಾಲೆ ಬಂದ ದಿನವೇ ಈ ಪದ್ಧತಿ ಮುಗಿಯಬೇಕಿತ್ತು.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಬೇರೊಂದು ದಿಕ್ಕಿನಿಂದ ಬರುತ್ತದೆ. ಹದಿನೇಳನೆಯ ಶತಮಾನದ ನಡುವಿನಲ್ಲಿ, ಇಂಗ್ಲೆಂಡಿನಲ್ಲಿ ಜಾರ್ಜ್ ಫಾಕ್ಸ್‌ನ ಹಿಂದೆ ಹೊರಟ ಕ್ವೇಕರರು ಪೂಜೆಯಿಂದ ಪೂರ್ವನಿಯೋಜಿತ ಓದನ್ನೇ ತೆಗೆದುಹಾಕಿದರು. ಪುರೋಹಿತನಿಲ್ಲ, ಇಂದು ಇಷ್ಟು ಅಧ್ಯಾಯ ಎಂಬ ಕಟ್ಟಳೆಯಿಲ್ಲ. ಎಲ್ಲರೂ ಮೌನವಾಗಿ ಕೂರುತ್ತಾರೆ, ಒಳಗಿನಿಂದ ಪ್ರೇರಣೆಯಾದವರು ಎದ್ದು ಮಾತಾಡುತ್ತಾರೆ, ಬೈಬಲ್ಲಿನ ಮಾತು ನೆನಪಾದರೆ ಅದನ್ನೂ ಹೇಳುತ್ತಾರೆ. ಗ್ರಂಥವು ಬುಗ್ಗೆಯ ವಿವರಣೆಯೇ ಹೊರತು ಬುಗ್ಗೆಯಲ್ಲ ಎಂದು ಅವರ ಪರವಾಗಿ ರಾಬರ್ಟ್ ಬಾರ್ಕ್ಲೆ 1676ರಲ್ಲಿ ವಾದಿಸಿದ. ಗೊತ್ತುಮಾಡಿದ ಓದು ಜಡವಾಗುತ್ತದೆ, ಬಾಯಿ ಓಡುತ್ತಿದ್ದರೆ ಮನಸ್ಸು ಮಲಗಿರುತ್ತದೆ ಎಂಬ ಅವರ ಅಂಜಿಕೆಯನ್ನು ತಳ್ಳಿಹಾಕುವಂತಿಲ್ಲ. ಅರ್ಥ ಗೊತ್ತಿಲ್ಲದೆ ಗಿಣಿಪಾಠ ಒಪ್ಪಿಸುವ ಪಾರಾಯಣ ನಮ್ಮಲ್ಲೂ ಬೇಕಾದಷ್ಟಿದೆ. ಆದರೆ ಗಮಕದ ಸಭೆಯಲ್ಲಿ ಗೊತ್ತಾಗಿರುವುದು ಪದ್ಯ ಮಾತ್ರ. ವ್ಯಾಖ್ಯಾನ ಆ ಹೊತ್ತಿನದು, ಆ ಸಭೆಯದು. ಗರ್ಭಿಣಿ ಸೀತೆಯನ್ನು ಕಾಡಿಗೆ ಬಿಟ್ಟು ಬರುವ ಪ್ರಸಂಗ ಜೈಮಿನಿಯಲ್ಲಿದೆ. ಅಡವಿಯ ಮೃಗಪಕ್ಷಿಗಳೂ ಅವಳೊಂದಿಗೆ ಮರುಗುತ್ತವೆ. ಅಲ್ಲಿ ರಾಮ ಮಾಡಿದ್ದು ಸರಿಯೇ ಎಂಬ ಪ್ರಶ್ನೆಯನ್ನು ಯಾವ ವ್ಯಾಖ್ಯಾನಕಾರನೂ ದಾಟಿ ಹೋಗಲಾರ. ಹೆಂಗಸರು ತುಂಬಿದ ಜಗಲಿಯಲ್ಲಿ ಅದಕ್ಕೆ ಕೊಡುವ ಉತ್ತರ ಒಂದು, ಪಂಡಿತರ ನಡುವೆ ಕೊಡುವ ಉತ್ತರ ಇನ್ನೊಂದು. ಕ್ವೇಕರರು ಮೌನದಿಂದ ಪಡೆಯಬಯಸಿದ ಜೀವಂತಿಕೆಯನ್ನು ನಮ್ಮವರು ಇಬ್ಬರ ದನಿಯಿಂದ ಪಡೆದರು ಎಂದೇ ನಾನು ತಿಳಿಯುತ್ತೇನೆ.

ಕೇಳುಗರೇ ಪದವಿ ಕೊಟ್ಟರೆಂದಾಗ ಆ ಕೇಳುಗರು ಯಾರು ಎಂಬ ಪ್ರಶ್ನೆ ಏಳಲೇಬೇಕು. ಅಗ್ರಹಾರದ ಜಗಲಿ, ಗುಡಿಯ ಮಂಟಪ ಎಲ್ಲರಿಗೂ ತೆರೆದಿರಲಿಲ್ಲ. ವೇದ ಕೇಳುವ ಹಕ್ಕಿಲ್ಲದ ಹೆಂಗಸರಿಗೂ ಶೂದ್ರರಿಗೂ ಭಾರತವಿದೆ ಎಂದು ಭಾಗವತ ಹೇಳಿದ್ದು ಒಂದು ಬಾಗಿಲು ತೆರೆದಂತಾಯಿತು. ಅಸ್ಪೃಶ್ಯರೆಂದು ದೂರವಿಟ್ಟವರಿಗೆ ಆ ಬಾಗಿಲಲ್ಲೂ ಜಾಗವಿರಲಿಲ್ಲ. ಇದನ್ನು ಮುಚ್ಚಿಟ್ಟು ಗಮಕದ ಹಿರಿಮೆ ಹಾಡುವುದು ಸಲ್ಲದು. ಆದರೂ ಕಾವ್ಯ ಜಗಲಿಯ ಮೇಲೇ ಉಳಿಯಲಿಲ್ಲ. ಸುಧನ್ವ, ಬಭ್ರುವಾಹನ, ಚಂದ್ರಹಾಸ ಮೂವರೂ ಯಕ್ಷಗಾನದ ರಂಗಕ್ಕೆ, ಹರಿಕಥೆಗೆ ಇಳಿದು ಓದಿನ ಸಭೆಗೆ ಕಾಲಿಡದವರಿಗೂ ಸ್ವಂತವಾದರು. ಪದ್ಧತಿಯೂ ಒಂದೇ ಮತದ ಸೊತ್ತಾಗಿರಲಿಲ್ಲ. ಶ್ರಾವಣ ಬಂದರೆ ವೀರಶೈವ ಮಠಗಳಲ್ಲಿ ಪುರಾಣ ಹಚ್ಚುತ್ತಾರೆ. ವಿರೂಪಾಕ್ಷ ಪಂಡಿತ 1584ರಲ್ಲಿ ಮುಗಿಸಿದ ‘ಚೆನ್ನಬಸವ ಪುರಾಣ’ವೂ ವಾರ್ಧಕದಲ್ಲೇ ಇದೆ. ಜೈನ ಕವಿ ರತ್ನಾಕರವರ್ಣಿ ‘ಭರತೇಶ ವೈಭವ’ಕ್ಕೆ ಹಾಡಲು ಬರುವ ಸಾಂಗತ್ಯವನ್ನು ಆರಿಸಿಕೊಂಡ. ದೇವರು ಬೇರೆಯಾದರೂ ಕೇಳುವ ರೀತಿ ಒಂದೇ ಆಗಿತ್ತು.

ಲಕ್ಷ್ಮೀಶ ನಮ್ಮ ದೇವನೂರಿನವನಲ್ಲ, ಕಾವ್ಯದಲ್ಲಿ ಬರುವ ಸುರಪುರ ಉತ್ತರದ ಸುರಪುರವೇ ಎಂದು ವಾದಿಸುವವರಿದ್ದಾರೆ. ನನಗೆ ದೇವನೂರಿನ ಪಕ್ಷವೇ ಒಪ್ಪಿಗೆ. ಆದರೆ ಅದು ಸೋತರೂ ನನ್ನ ವಾದಕ್ಕೆ ಧಕ್ಕೆಯಿಲ್ಲ: ಕವಿ ಎಲ್ಲಿ ಹುಟ್ಟಿದನೆಂಬುದಕ್ಕಿಂತ ಕಾವ್ಯವನ್ನು ಎಲ್ಲಿ ಓದಿಸಿದರೆಂಬುದು ಇಲ್ಲಿ ಮುಖ್ಯ.

ನೆರೆಯ ಶಿವಮೊಗ್ಗದ ತುಂಗೆಯ ದಡದ ಹೊಸಹಳ್ಳಿಯಲ್ಲಿ ಗಮಕ ಇಂದಿಗೂ ಊರಿನ ವಿದ್ಯೆ; ಅಲ್ಲಿನ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂತು. ಕಲೆಗೆ ಮನ್ನಣೆ ಸಿಕ್ಕಿದ್ದು ಸಂತೋಷವೇ. ಆದರೆ ಗಮಕ ಈಗ ಬಹುಮಟ್ಟಿಗೆ ವೇದಿಕೆಯ ಕಾರ್ಯಕ್ರಮ. ಆರಿಸಿದ ಹತ್ತಿಪ್ಪತ್ತು ಪದ್ಯ, ಒಂದೂವರೆ ತಾಸು, ಶಾಲು ಹಾರ. ವೇದಿಕೆ ಗಮಕಿಯನ್ನು ಉಳಿಸೀತು. ಮೊದಲ ಸಂಧಿಯಿಂದ ಕೊನೆಯ ಸಂಧಿಯವರೆಗೆ ಬಿಡದೆ ಬಂದು ಕೂತು, ನಿನ್ನೆ ನಿಂತಲ್ಲಿಂದ ಇಂದು ಮುಂದುವರಿಸು ಎಂದು ಕೇಳುವ ಸಭೆಯನ್ನು ಅದು ಬೆಳೆಸಲಾರದು. ಜೈಮಿನಿಯಲ್ಲಿರುವುದು 34 ಸಂಧಿ. ದಿನಕ್ಕೊಂದರಂತೆ ಓದಿದರೆ ಒಂದು ತಿಂಗಳು, ಮೇಲೆ ನಾಲ್ಕು ದಿನ. ಗಮಕ ಕಲಿಸುವವರು, ಪರೀಕ್ಷೆ ನಡೆಸುವವರು, ಕವಿಯ ಹೆಸರಿನಲ್ಲಿ ಸಮಾರಂಭ ಮಾಡುವವರು ಸೇರಿ ದೇವನೂರಿನ ಆ ಗುಡಿಯಲ್ಲೇ ಶ್ರಾವಣದ ಪಾಡ್ಯದಂದು ಹೊತ್ತಗೆ ಬಿಚ್ಚಿ, ಯಾವ ಜಾತಿಯವರನ್ನೂ ಹೊರಗಿಡದೆ ಪೂರ್ತಿ ಓದಿಸಿದರೆ, ಭಾದ್ರಪದದ ಗೌರಿ ಗಣೇಶ ಹಬ್ಬದ ಹೊತ್ತಿಗೆ ಮಂಗಳ ಹಾಡಬಹುದು.