206 ಮತ್ತು 375ರ ನಡುವೆ: ಜಟಿಂಗ ರಾಮೇಶ್ವರದ ಸುತ್ತಲಿನ ಹತ್ತನೇ ತರಗತಿ

ಮೊಳಕಾಲ್ಮುರು ತಾಲ್ಲೂಕಿನ ಜಟಿಂಗ ರಾಮೇಶ್ವರ ಬೆಟ್ಟದ ಮೇಲಿರುವ ಅಶೋಕನ ಶಾಸನವನ್ನು ಬಿ.ಎಲ್. ರೈಸ್ 1892ರಲ್ಲಿ ಬೆಳಕಿಗೆ ತಂದರು. ಹತ್ತಿರದ ಬ್ರಹ್ಮಗಿರಿ ಮತ್ತು ಸಿದ್ದಾಪುರಗಳಲ್ಲೂ ಅದೇ ಆಜ್ಞೆಯ ಪ್ರತಿಗಳು ಸಿಕ್ಕವು. ಮೂರರಲ್ಲಿ ಹೆಚ್ಚು ಸವೆದಿರುವುದು ಜಟಿಂಗದ್ದೇ. ಜಾತ್ರೆಯ ಕಾಲಕ್ಕೆ ಬಳೆ ಮಾರುವವರು ಅಲ್ಲೇ ಅಂಗಡಿ ಹೂಡುತ್ತಿದ್ದುದರಿಂದ ಆ ಬಂಡೆಗೆ ಬಳೆಗಾರ ಗುಂಡು ಎಂಬ ಹೆಸರೇ ನಿಂತಿತ್ತು. ಸುವರ್ಣಗಿರಿಯಿಂದ ಇಸಿಲದ ಮಹಾಮಾತ್ರರಿಗೆ ಹೊರಟ ಈ ಆಜ್ಞೆಯಲ್ಲಿ ತಂದೆತಾಯಿಯರ ಸೇವೆ, ಪ್ರಾಣಿದಯೆ, ಸತ್ಯ ಇವುಗಳ ಜೊತೆಗೆ ಶಿಷ್ಯನು ಆಚಾರ್ಯನನ್ನು ಗೌರವಿಸಬೇಕೆಂಬ ಮಾತೂ ಇದೆ. ಶಿಕ್ಷಕರ ದಿನಾಚರಣೆಯ ಭಾಷಣಗಳಿಗೆ ಅಷ್ಟು ಸಾಕು. ಶಿಕ್ಷಣದ ಅಧ್ಯಯನಕಾರನಿಗೆ ಮಾತ್ರ ಶಾಸನದ ಕೊನೆಯ ಸಾಲು ಹೆಚ್ಚು ಕುತೂಹಲಕಾರಿ. ಅದನ್ನು ಬರೆದವನು ಚಪಡ. ಶಾಸನವನ್ನೆಲ್ಲ ಬ್ರಾಹ್ಮಿಯಲ್ಲಿ ಬರೆದ ಆತ, ಲಿಪಿಕಾರನೆಂಬ ತನ್ನ ಹುದ್ದೆಯನ್ನು ವಾಯವ್ಯ ಭಾರತದ ಖರೋಷ್ಠಿಯಲ್ಲಿ ಕೊರೆದ. ಅವನು ಆ ಕಡೆಯಿಂದ ಬಂದವನಿರಬೇಕು, ಇಲ್ಲವೆ ಅಲ್ಲಿ ಪಳಗಿದವನಿರಬೇಕು ಎಂಬುದು ವಿದ್ವಾಂಸರ ಊಹೆ. ಅದು ಹೇಗೇ ಇರಲಿ, ಕಲಿತ ವಿದ್ಯೆಯ ಬಲದಿಂದ ಕೆಲಸ ಹಿಡಿದು ಈ ಕಲ್ಲುಸೀಮೆಗೆ ಬಂದವರಲ್ಲಿ ಹೆಸರು ಉಳಿದಿರುವ ಮೊದಲಿಗ ಬಹುಶಃ ಅವನೇ.

ಇಂದು ಇದೇ ಸೀಮೆಯ ಹದಿನೈದು ವರ್ಷದ ಹುಡುಗ ಹುಡುಗಿಯರು ಯಾವ ವಿದ್ಯೆಯ ಬಲದಿಂದ ಯಾವ ಕೆಲಸಕ್ಕೆ ಹೋಗಬಲ್ಲರು? ಅದಕ್ಕೆ ಪ್ರೌಢಶಾಲೆ ಅವರನ್ನು ಹೇಗೆ ಸಜ್ಜು ಮಾಡುತ್ತಿದೆ? ಈ ಲೇಖನ ಕೇಳುವ ಪ್ರಶ್ನೆ ಇಷ್ಟೇ.

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಮತ್ತು ಮೊಳಕಾಲ್ಮುರು ರಾಜ್ಯದ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳ ಸಾಲಿಗೆ ಸೇರಿದವು. ಶೇಂಗಾ ಬೆಳೆ, ಅದನ್ನು ನಂಬಿದ ಎಣ್ಣೆ ಗಿರಣಿಗಳು, ಕುರುಬರ ಕಂಬಳಿ, ಮೊಳಕಾಲ್ಮುರಿನ ರೇಷ್ಮೆ ಸೀರೆ ಇಲ್ಲಿನ ಹಳೆಯ ಬದುಕು. ನಾಯಕರ ಊರುಗಳು, ಕಾಡುಗೊಲ್ಲರ ಹಟ್ಟಿಗಳು ದಟ್ಟವಾಗಿವೆ. ಎರಡೂ ವಿಧಾನಸಭಾ ಕ್ಷೇತ್ರಗಳು ಪರಿಶಿಷ್ಟ ಪಂಗಡಕ್ಕೆ ಮೀಸಲು. ರಾಯದುರ್ಗದ ಕಡೆಗೆ ಸರಿದಂತೆ ಮನೆಮಾತು ತೆಲುಗಾಗುತ್ತದೆ. ಶಾಲೆಯ ಕನ್ನಡವೇ ಎಷ್ಟೋ ಮಕ್ಕಳಿಗೆ ಎರಡನೆಯ ಭಾಷೆ. ಮಳೆ ಕೈಕೊಟ್ಟ ವರ್ಷ ಅಪ್ಪ ಅಮ್ಮ ಗುಳೆ ಹೋದರೆ ಮಗು ಅಜ್ಜಿಯ ಬಳಿ ಉಳಿಯುತ್ತದೆ, ಇಲ್ಲವೇ ಜೊತೆಗೇ ಹೊರಡುತ್ತದೆ.

ಇಂಥ ಹಿನ್ನೆಲೆಯ ಚಿತ್ರದುರ್ಗ ಜಿಲ್ಲೆ 2023ರ ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ಶೇ 96.80 ಫಲಿತಾಂಶ ಪಡೆದು ರಾಜ್ಯಕ್ಕೇ ಮೊದಲ ಸ್ಥಾನಕ್ಕೇರಿತು. ಆ ವರ್ಷ ರಾಜ್ಯದ ಸರಾಸರಿ ಶೇ 83.89. ಮರುವರ್ಷ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಬಂತು. ಕೃಪಾಂಕವನ್ನು ಶೇ 10ರಿಂದ 20ಕ್ಕೆ ಏರಿಸಿದ ಮೇಲೂ ರಾಜ್ಯದ ಫಲಿತಾಂಶ ಶೇ 73.40ಕ್ಕೆ ಇಳಿಯಿತು. ಮೊದಲ ಸ್ಥಾನದಲ್ಲಿದ್ದ ಚಿತ್ರದುರ್ಗ ಮೊದಲ ಹತ್ತರಲ್ಲೂ ಕಾಣಲಿಲ್ಲ. ಇದನ್ನು ನಕಲಿನ ಕತೆಯೆಂದು ಓದಿ ಕೈತೊಳೆದುಕೊಳ್ಳುವುದು ಸುಲಭ. ಆದರೆ ಕುಸಿತ ಒಂದು ಜಿಲ್ಲೆಯದಲ್ಲ, ಇಡೀ ರಾಜ್ಯದ್ದು. ಶೇಕಡಾವಾರು ಫಲಿತಾಂಶ ಎಂಬ ಅಳತೆಗೋಲು ಮಕ್ಕಳ ಕಲಿಕೆಗಿಂತ ಹೆಚ್ಚಾಗಿ ಬೇರೇನನ್ನೋ ಅಳೆಯುತ್ತಿತ್ತು ಎಂಬುದೇ ಅದರಿಂದ ಹೊರಬಿದ್ದ ಮುಖ್ಯ ಸಂಗತಿ.

ಆ ಅಳತೆಗೋಲಿಗೆ ತಕ್ಕಂತೆ ಹತ್ತನೇ ತರಗತಿಯ ವರ್ಷ ರೂಪುಗೊಂಡಿದೆ. ಜೂನ್‌ನಲ್ಲಿ ಸೇತುಬಂಧ, ದಸರೆಯ ನಂತರ ವಿಶೇಷ ತರಗತಿ, ಡಿಸೆಂಬರ್ ಬಂತೆಂದರೆ ಪಾಸಾಗಲು ಬೇಕಾದಷ್ಟನ್ನೇ ಉರುಹೊಡೆಸುವ ಪಾಸಿಂಗ್ ಪ್ಯಾಕೇಜ್, ಆಮೇಲೆ ಸಾಲುಸಾಲು ಪೂರ್ವಸಿದ್ಧತಾ ಪರೀಕ್ಷೆ. ಹಿಂದುಳಿದ ಮಕ್ಕಳನ್ನು ಶಿಕ್ಷಕರು ‘ದತ್ತು’ ಪಡೆಯುತ್ತಾರೆ, ಬೆಳಗಿನ ಜಾವ ಫೋನ್ ಮಾಡಿ ಎಬ್ಬಿಸುತ್ತಾರೆ, ರಾತ್ರಿ ಗುಂಪು ಅಧ್ಯಯನಕ್ಕೆ ಕೂರಿಸುತ್ತಾರೆ. ಇದನ್ನು ಹಗುರವಾಗಿ ಕಾಣಬಾರದು. ಹಟ್ಟಿಯ ಹುಡುಗಿಯೊಬ್ಬಳು ಫೇಲಾದಳೆಂದರೆ ಮನೆಯವರು ಮದುವೆಯ ಮಾತೆತ್ತುವುದಕ್ಕೆ ಅದೇ ನೆಪ. ಅಂಥ ಕಡೆ ‘ಪಾಸಾಗು’ ಎನ್ನುವ ಶಿಕ್ಷಕ ಸಣ್ಣ ಕೆಲಸವನ್ನೇನೂ ಮಾಡುತ್ತಿಲ್ಲ. ಪಾಸಾದ ಮೇಲೆ ಏನು ಎಂಬ ಪ್ರಶ್ನೆಗೆ ಮಾತ್ರ ಆ ಇಡೀ ವರ್ಷದಲ್ಲಿ ಒಂದು ಪೀರಿಯಡ್ಡೂ ಇಲ್ಲ.

2025-26ನೇ ಸಾಲಿನಿಂದ ಉತ್ತೀರ್ಣತೆಯ ಗೆರೆ ಇನ್ನೂ ಕೆಳಗಿಳಿದಿದೆ. ಪ್ರತಿ ವಿಷಯದಲ್ಲಿ ಕನಿಷ್ಠ ಶೇ 30 ಬಂದು ಒಟ್ಟಾರೆ ಶೇ 33, ಅಂದರೆ 625ಕ್ಕೆ 206 ಅಂಕ ಸಿಕ್ಕರೆ ಸಾಕು. ಈ ಅಂಕಿಯನ್ನು ಇನ್ನೊಂದು ಅಂಕಿಯ ಪಕ್ಕಕ್ಕಿಟ್ಟು ನೋಡಬೇಕು. ಭಾಭಾ ಅಣು ಸಂಶೋಧನಾ ಕೇಂದ್ರ ಐಟಿಐ ಓದಿದವರನ್ನು ಸ್ಟೈಪೆಂಡ್ ಕೊಟ್ಟು ತರಬೇತಿಗೆ ಸೇರಿಸಿಕೊಳ್ಳುವಾಗ ಕೇಳುವುದು, ವಿಜ್ಞಾನ ಮತ್ತು ಗಣಿತ ಇರುವ ಹತ್ತನೇ ತರಗತಿಯಲ್ಲಿ ಒಟ್ಟು ಶೇ 60. ಎಸ್ಸೆಸ್ಸೆಲ್ಸಿ ಲೆಕ್ಕದಲ್ಲಿ ಅದು 375. ನಡುವಿನ ಅಂತರ 169 ಅಂಕ.

ಭಾಭಾ ಕೇಂದ್ರವನ್ನೇ ಉದಾಹರಣೆಗೆ ಎತ್ತಿಕೊಂಡದ್ದಕ್ಕೆ ಕಾರಣವಿದೆ. ಅದು ಈ ಮಕ್ಕಳಿಗೆ ದೂರದ ಮುಂಬೈಯ ಹೆಸರಲ್ಲ. ಚಳ್ಳಕೆರೆ ತಾಲ್ಲೂಕಿನ ಅಮೃತ ಮಹಲ್ ಕಾವಲುಗಳಲ್ಲಿ ಸುಮಾರು ಹತ್ತು ಸಾವಿರ ಎಕರೆಯನ್ನು 2007ರಿಂದ ಈಚೆಗೆ ವಿಜ್ಞಾನ, ರಕ್ಷಣೆ ಮತ್ತಿತರ ಉದ್ದೇಶಗಳಿಗೆ ಹಂಚಲಾಯಿತು. ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ 1500 ಎಕರೆ, ಉಳ್ಳಾರ್ತಿ ಕಾವಲಿನ ಕಡೆ ಭಾಭಾ ಕೇಂದ್ರಕ್ಕೆ, ಅಲ್ಲೇ ಸುತ್ತಮುತ್ತ ಇಸ್ರೊ ಮತ್ತು ಡಿಆರ್‌ಡಿಒಗೆ ಜಾಗ ಸಿಕ್ಕಿತು. ಡಿಆರ್‌ಡಿಒದ ವೈಮಾನಿಕ ಪರೀಕ್ಷಾ ವಲಯ 2017ರಲ್ಲಿ ಉದ್ಘಾಟನೆಯಾಯಿತು. ದನ, ಕುರಿ ಮೇಯಿಸುತ್ತಿದ್ದ ಹುಲ್ಲುಗಾವಲಿಗೆ ಬೇಲಿ ಬಿತ್ತೆಂದು ಊರಿನವರು ಪ್ರತಿಭಟಿಸಿದರು, ವಿಷಯ ಹಸಿರು ನ್ಯಾಯಮಂಡಳಿಗೂ ಹೋಯಿತು. ಕುರಿ ಹೋದರೆ ಕಂಬಳಿಯೂ ಹೋಗುತ್ತದೆ. ಆ ವ್ಯಾಜ್ಯದ ತೀರ್ಮಾನ ಇಲ್ಲಿ ಬೇಡ. ಕಾವಲು ಕಳೆದುಕೊಂಡ ಮನೆಗಳ ಮಕ್ಕಳಿಗೆ ಬೇಲಿಯ ಆಚೆಯ ಕೆಲಸಗಳಲ್ಲಿ ಯಾವುದಕ್ಕೆ ಅರ್ಹತೆ ಇದೆ ಎಂದು ಕೇಳುವುದಷ್ಟೇ ಇಲ್ಲಿನ ಕೆಲಸ.

ಅರ್ಹತೆಗೆ ಪಿಎಚ್.ಡಿ.ಯೇ ಬೇಕಿಲ್ಲ ಎಂಬುದು ಊರಿನಲ್ಲಿ ಅಷ್ಟಾಗಿ ಗೊತ್ತಿಲ್ಲದ ಸತ್ಯ. ಇಸ್ರೊ ಮತ್ತು ಡಿಆರ್‌ಡಿಒ ಎರಡರಲ್ಲೂ ತಂತ್ರಜ್ಞರ ಹುದ್ದೆಗೆ ಹತ್ತನೇ ತರಗತಿಯ ಜೊತೆ ಐಟಿಐ ಪ್ರಮಾಣಪತ್ರ ಸಾಕು: ಫಿಟ್ಟರ್, ಎಲೆಕ್ಟ್ರಿಷಿಯನ್, ಮೆಷಿನಿಸ್ಟ್. ಅಖಿಲ ಭಾರತ ಮಟ್ಟದ ಆಯ್ಕೆಯಾದ್ದರಿಂದ ಊರಿನವರಿಗೆಂದು ಜಾಗ ಕಾದಿಟ್ಟಿರುವುದಿಲ್ಲ. ಲಿಖಿತ ಪರೀಕ್ಷೆ, ಟ್ರೇಡ್ ಪರೀಕ್ಷೆ ಎರಡನ್ನೂ ಗೆಲ್ಲಬೇಕು. ಆ ಪರೀಕ್ಷೆಗಳ ಗಣಿತ ಎಂಟು, ಒಂಬತ್ತು, ಹತ್ತನೇ ತರಗತಿಯದೇ. ಕಲಿಕೆ ಗಟ್ಟಿಯಾಗದೆ ಅಂಕವಷ್ಟೇ ಗಟ್ಟಿಯಾದವನು ಅಲ್ಲಿ ಸಿಕ್ಕಿಬೀಳುತ್ತಾನೆ.

ಕಲಿಕೆಯ ಸ್ಥಿತಿ ಹೇಗಿದೆ? 26 ರಾಜ್ಯಗಳ 28 ಜಿಲ್ಲೆಗಳಲ್ಲಿ 14ರಿಂದ 18 ವರ್ಷದವರನ್ನು ಮಾತಾಡಿಸಿದ ಅಸರ್ 2023ರ ಸಮೀಕ್ಷೆಯ ಪ್ರಕಾರ, ನಾಲ್ವರಲ್ಲಿ ಒಬ್ಬರು ತಮ್ಮದೇ ಭಾಷೆಯ ಎರಡನೇ ತರಗತಿ ಪಠ್ಯವನ್ನು ಸರಾಗವಾಗಿ ಓದಲಾರರು. ಮೂರಂಕಿಯನ್ನು ಒಂದಂಕಿಯಿಂದ ಭಾಗಿಸಬಲ್ಲವರು ಅರ್ಧಕ್ಕಿಂತ ಕಡಿಮೆ. ಭಾಗಾಕಾರ ಬಾರದ ಮಗುವಿಗೆ ಹತ್ತನೇ ತರಗತಿಯಲ್ಲಿ ಬಹುಪದೋಕ್ತಿ ಕಲಿಸುವುದೆಂದರೆ ಅಡಿಪಾಯವಿಲ್ಲದೆ ಮಾಳಿಗೆ ಕಟ್ಟಿದಂತೆ. ಆಗ ಶಿಕ್ಷಕನಿಗೆ ಉಳಿಯುವ ದಾರಿ ಪಾಸಿಂಗ್ ಪ್ಯಾಕೇಜ್ ಒಂದೇ. ಹೀಗೆ ಹತ್ತನೇ ತರಗತಿಯ ಕಸರತ್ತು ಒಂಬತ್ತನೇ ತರಗತಿಯ ಆಲಸ್ಯದ ಕೂಸು.

ಒಂಬತ್ತನ್ನು ಯಾರೂ ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ. ಶಿಕ್ಷಣ ಹಕ್ಕು ಕಾಯ್ದೆ 14 ವರ್ಷಕ್ಕೆ, ಅಂದರೆ ಎಂಟನೇ ತರಗತಿಗೆ ಕೈಬಿಡುತ್ತದೆ. ಬೋರ್ಡು ಪರೀಕ್ಷೆ ಹತ್ತಕ್ಕೆ ಕೈಹಿಡಿಯುತ್ತದೆ. ನಡುವಿನ ವರ್ಷ ವಾರಸುದಾರರಿಲ್ಲದ್ದು. ಓದು, ಲೆಕ್ಕ, ಇಂಗ್ಲಿಷ್ ವಾಕ್ಯ ಈ ಮೂರನ್ನು ಸರಿಪಡಿಸಲು ಇರುವ ಕೊನೆಯ ಬಿಡುವು ಅದೇ ಎಂಬುದು ಈ ಲೇಖನದ ವಾದ. ಹಣದ ವ್ಯವಸ್ಥೆಯೂ ಅದಕ್ಕಿಂತ ಮೊದಲೇ ಶುರುವಾಗುತ್ತದೆ. ವಿದ್ಯಾರ್ಥಿವೇತನದ ಎನ್‌ಎಂಎಂಎಸ್ ಪರೀಕ್ಷೆ ಬರೆಯಬೇಕಾದ್ದು ಎಂಟರಲ್ಲಿ. ವಾರ್ಷಿಕ ಆದಾಯ ಮೂರೂವರೆ ಲಕ್ಷ ಮೀರದ ಮನೆಯ, ಸರ್ಕಾರಿ ಅಥವಾ ಅನುದಾನಿತ ಶಾಲೆಯ ಮಗು ಅದರಲ್ಲಿ ಆಯ್ಕೆಯಾದರೆ ಒಂಬತ್ತರಿಂದ ದ್ವಿತೀಯ ಪಿಯುವರೆಗೆ ವರ್ಷಕ್ಕೆ 12,000 ರೂಪಾಯಿ ಸಿಗುತ್ತದೆ. ಹತ್ತಕ್ಕೆ ಬಂದ ಮೇಲೆ ಇದನ್ನು ತಿಳಿದುಕೊಂಡು ಪ್ರಯೋಜನವಿಲ್ಲ. ಹತ್ತನೇ ತರಗತಿಯವರಿಗೆಂದೇ ಇದ್ದ ರಾಷ್ಟ್ರೀಯ ಪ್ರತಿಭಾನ್ವೇಷಣೆ 2021ರ ನಂತರ ನಿಂತೇಹೋಗಿದೆ.

ಕನ್ನಡ ಮಾಧ್ಯಮದಲ್ಲಿ ಹತ್ತು ಮುಗಿಸಿ ವಿಜ್ಞಾನ ಪಿಯುಗೆ ಹೋದವರ ಪಾಡು ಬೇರೆ. ಬೇಸಿಗೆ ರಜೆ ಮುಗಿಯುವಷ್ಟರಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರಗಳೆರಡೂ ಇಂಗ್ಲಿಷಾಗಿರುತ್ತವೆ. ತೆಲುಗು ಮನೆಮಾತಿನ ಮಗುವಿಗೆ ಇದು ಎರಡನೆಯ ದಾಟು. ಬುದ್ಧಿ ಚುರುಕಾಗಿದ್ದೂ ಮೊದಲ ಕಿರುಪರೀಕ್ಷೆಯಲ್ಲೇ ಎಡವಿ, ಕಲಾ ವಿಭಾಗಕ್ಕೆ ಬದಲಾಯಿಸಿಕೊಡಿ ಎಂದು ಪ್ರಾಂಶುಪಾಲರ ಮುಂದೆ ನಿಲ್ಲುವವರು ಇಂಥವರೇ. ಒಂಬತ್ತರಿಂದಲೇ ಪಾಠದ ಪಾರಿಭಾಷಿಕಗಳನ್ನು ಎರಡೂ ಭಾಷೆಯಲ್ಲಿ ಬೋರ್ಡಿನ ಮೇಲೆ ಬರೆಯುವುದಕ್ಕೆ ಯಾವ ಸರ್ಕಾರಿ ಆದೇಶವೂ ಬೇಕಿಲ್ಲ.

ಕಾಗದಪತ್ರಗಳ ಮಾತು ಒಣದೆನಿಸಬಹುದು, ಆದರೆ ಸೀಟು ನಿರ್ಧಾರವಾಗುವುದು ಅಲ್ಲೇ. ರಾಜ್ಯದ ವೃತ್ತಿಪರ ಕೋರ್ಸುಗಳ ಸಿಇಟಿ ಹಂಚಿಕೆಯಲ್ಲಿ ಗ್ರಾಮೀಣ ಅಭ್ಯರ್ಥಿಗಳಿಗೆ ಶೇ 15, ಕನ್ನಡ ಮಾಧ್ಯಮದವರಿಗೆ ಶೇ 5 ಮೀಸಲು. ಎರಡಕ್ಕೂ ಒಂದರಿಂದ ಹತ್ತರವರೆಗಿನ ಪೂರ್ತಿ ಹತ್ತು ವರ್ಷದ ವ್ಯಾಸಂಗ ಲೆಕ್ಕಕ್ಕೆ ಬರುತ್ತದೆ. ಮಗ ಚೆನ್ನಾಗಿ ಓದುತ್ತಾನೆಂದು ಒಂಬತ್ತನೇ ತರಗತಿಗೆ ಚಿತ್ರದುರ್ಗದ ಇಂಗ್ಲಿಷ್ ಮಾಧ್ಯಮಕ್ಕೆ ಸೇರಿಸುವ ತಂದೆ ಒಂದೇ ಏಟಿಗೆ ಎರಡನ್ನೂ ಕಳೆಯುತ್ತಾನೆ. ಪ್ರೀತಿಯಿಂದಲೇ ಆಗುವ ನಷ್ಟ ಇದು. ಸೇರಿಸುವ ಮೊದಲು ಅವನಿಗೆ ಹೇಳುವವರಿಲ್ಲ.

ಪಿಯು ಒಂದೇ ದಾರಿಯೂ ಅಲ್ಲ. ಪಾಲಿಟೆಕ್ನಿಕ್ ಪ್ರವೇಶಕ್ಕೆ ಎಸ್ಸೆಸ್ಸೆಲ್ಸಿಯ ಗಣಿತ, ವಿಜ್ಞಾನದ ಅಂಕಗಳೇ ಆಧಾರ. ಮೂರು ವರ್ಷದ ಡಿಪ್ಲೊಮಾ ಮುಗಿಸಿ ಡಿಸಿಇಟಿ ಬರೆದರೆ ಎಂಜಿನಿಯರಿಂಗ್‌ನ ಎರಡನೇ ವರ್ಷಕ್ಕೇ ಸೇರಬಹುದು, ಸರ್ಕಾರಿ ಎಂಜಿನಿಯರಿಂಗ್ ಕಾಲೇಜು ಚಳ್ಳಕೆರೆಯಲ್ಲೇ ಇದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಜಾರಿಯಾದ ಮೇಲೆ ಹುಡುಗಿಯರಿಗೆ ಸರ್ಕಾರಿ ಬಸ್ಸಿನ ಚಾರ್ಜಿನ ಚಿಂತೆಯೂ ಇಲ್ಲ. ಬಸ್ಸು ಊರಿಗೆ ಬರುತ್ತದೆಯೇ ಎಂಬುದು ಬೇರೆ ಮಾತು.

ಮೊಳಕಾಲ್ಮುರಿನ ನೇಕಾರ ಮನೆಗಳ ಮಕ್ಕಳ ವಿಷಯದಲ್ಲಿ ವ್ಯವಸ್ಥೆಯ ಕುರುಡು ಎದ್ದು ಕಾಣುತ್ತದೆ. ಭೌಗೋಳಿಕ ಸೂಚಿಕೆ ಪಡೆದ ಸೀರೆ ಅದು. ಗುಂಡಿಮಗ್ಗದ ಮುಂದೆ ಕೂತು ಬೆಳೆದ ಮಗುವಿಗೆ ಹಾಸು, ಹೊಕ್ಕು, ಬಣ್ಣದ ಲೆಕ್ಕ ಬೆರಳ ತುದಿಯಲ್ಲಿರುತ್ತದೆ. ಹತ್ತನೇ ತರಗತಿಯಲ್ಲಿ ತೃತೀಯ ಭಾಷೆಯ ಬದಲು ಎನ್‌ಎಸ್‌ಕ್ಯುಎಫ್ ವೃತ್ತಿ ವಿಷಯ ಆರಿಸಿಕೊಳ್ಳಲು ಕೆಲವು ಶಾಲೆಗಳಲ್ಲಿ ಅವಕಾಶವಿದೆ: ಮಾಹಿತಿ ತಂತ್ರಜ್ಞಾನ, ಆಟೊಮೊಬೈಲ್, ರಿಟೇಲ್, ಬ್ಯೂಟಿ ಅಂಡ್ ವೆಲ್‌ನೆಸ್. ಮಗ್ಗದೂರಿನ ಮಗುವಿಗೆ ರಿಟೇಲ್ ಕಲಿಸುವ ಪಟ್ಟಿ ಎಲ್ಲೋ ದೂರದಲ್ಲಿ ತಯಾರಾದದ್ದು. ಹತ್ತನೇ ತರಗತಿಯ ನಂತರ ಕೈಮಗ್ಗ ಮತ್ತು ಜವಳಿ ತಂತ್ರಜ್ಞಾನದಲ್ಲಿ ಮೂರು ವರ್ಷದ ಡಿಪ್ಲೊಮಾ ಕೊಡುವ ಭಾರತೀಯ ಕೈಮಗ್ಗ ತಂತ್ರಜ್ಞಾನ ಸಂಸ್ಥೆ ತಮಿಳುನಾಡಿನ ಸೇಲಂನಲ್ಲಿದೆ. ಮಗ್ಗ ಬಿಟ್ಟು ಓಡಿಹೋಗು, ಇಲ್ಲವೇ ಮಗ್ಗದಲ್ಲೇ ಸವೆ ಎಂಬ ಎರಡರ ಆಚೆಗೆ ಮೂರನೆಯ ದಾರಿಯೊಂದಿದೆ ಎಂದು ಆ ಮಕ್ಕಳಿಗೆ ಶಾಲೆಯೇ ಹೇಳಬೇಕು.

ಅಮೆರಿಕದ ಶಾಲಾ ಸಲಹೆಗಾರರ ಸಂಘ 250 ಮಕ್ಕಳಿಗೆ ಒಬ್ಬ ಸಲಹೆಗಾರನಿರಬೇಕೆಂದು ಶಿಫಾರಸು ಮಾಡುತ್ತದೆ. ಅಲ್ಲಿ ಹತ್ತನೇ ತರಗತಿಯ ವಿದ್ಯಾರ್ಥಿ ಆ ಸಲಹೆಗಾರನ ಜೊತೆ ಕೂತು ಮುಂದಿನ ಎರಡು ವರ್ಷದ ವಿಷಯಗಳನ್ನು ಗೊತ್ತುಮಾಡಿಕೊಳ್ಳುತ್ತಾನೆ. ಇಲ್ಲಿನ ಸರ್ಕಾರಿ ಪ್ರೌಢಶಾಲೆಯಲ್ಲಿ ಅಂಥ ಹುದ್ದೆ ಸೃಷ್ಟಿಯಾಗಲೆಂದು ಕಾಯುತ್ತ ಕೂತರೆ ಎಷ್ಟೋ ತಂಡಗಳು ದಾಟಿಹೋಗುತ್ತವೆ. ಈ ಸೀಮೆಯ ಅನುಭವ ಬೇರೆ ದಾರಿ ತೋರಿಸುತ್ತದೆ. ಕುವೆಂಪು ಅವರಂಥ ಶಿಷ್ಯರನ್ನು ಬೆಳೆಸಿದ ಟಿ.ಎಸ್. ವೆಂಕಣ್ಣಯ್ಯ ಚಳ್ಳಕೆರೆ ತಾಲ್ಲೂಕಿನ ತಳುಕಿನವರು. ಮೇಷ್ಟರಾಗಿ ಬದುಕಿ ಹುಟ್ಟೂರಿನಲ್ಲೇ ಶಾರದಾ ಮಂದಿರ ಶಾಲೆ ಕಟ್ಟಿದ ಬೆಳಗೆರೆ ಕೃಷ್ಣಶಾಸ್ತ್ರಿಗಳೂ ಇದೇ ತಾಲ್ಲೂಕಿನವರು. ಇಲ್ಲಿ ಮಕ್ಕಳಿಗೆ ದಾರಿ ತೋರಿಸಿದ್ದು ಮೇಷ್ಟ್ರೇ, ಮುಂದೆಯೂ ಅವರೇ ತೋರಿಸಬೇಕು.

ಮೇಷ್ಟರ ಬಲ ಹೆಚ್ಚಿಸುವ ವ್ಯವಸ್ಥೆಯೂ ಪಕ್ಕದಲ್ಲೇ ಇದೆ. ಕುದಾಪುರದ ಆವರಣದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರತಿಭಾ ವಿಕಸನ ಕೇಂದ್ರ ಒಂದು ದಶಕಕ್ಕೂ ಹೆಚ್ಚು ಕಾಲದಿಂದ ಪ್ರೌಢಶಾಲೆ ಮತ್ತು ಪಿಯು ಶಿಕ್ಷಕರಿಗೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ, ಗಣಿತಗಳಲ್ಲಿ ವಸತಿ ತರಬೇತಿ ಕೊಡುತ್ತಿದೆ. ಉಪನ್ಯಾಸಕ್ಕಷ್ಟೇ ನಿಲ್ಲದೆ ಪ್ರಯೋಗಾಲಯದಲ್ಲಿ ಕೈಯಾರೆ ಮಾಡಿ ಕಲಿಯುವ ತರಬೇತಿ ಅದು. ಹೊರರಾಜ್ಯಗಳಿಂದಲೂ ಶಿಕ್ಷಕರು ಬಂದು ಕಲಿತಿದ್ದಾರೆ. ತರಬೇತಿಯಾದ ಶಿಕ್ಷಕ ತನ್ನ ಶಾಲೆಗೆ ಮರಳಿದಾಗ ಅಲ್ಲಿ ಪ್ರಯೋಗಾಲಯಕ್ಕೆ ಬೀಗ ಬಿದ್ದಿದ್ದರೆ, ಜನವರಿಯಿಂದ ಪಾಸಿಂಗ್ ಪ್ಯಾಕೇಜ್ ಬಿಟ್ಟು ಬೇರೇನೂ ಮಾಡಕೂಡದೆಂಬ ಒತ್ತಡವಿದ್ದರೆ, ಕಲಿತದ್ದು ಕೈಯಲ್ಲೇ ಉಳಿಯುತ್ತದೆ. ಕೇಂದ್ರದ ಕೆಲಸ ದೊಡ್ಡದು. ಅದನ್ನು ಸುತ್ತಲಿನ ಹೋಬಳಿಗಳ ಒಂಬತ್ತನೇ ತರಗತಿಗೆ ಮುಟ್ಟಿಸುವ ಹೊಣೆ ಶಿಕ್ಷಣ ಇಲಾಖೆಯದು.

ಎರಡೂ ತಾಲ್ಲೂಕುಗಳ ಕ್ಷೇತ್ರ ಶಿಕ್ಷಣಾಧಿಕಾರಿಗಳು ಮತ್ತು ಎಸ್‌ಡಿಎಂಸಿಗಳು ಮುಂದಿನ ಜೂನ್‌ನಲ್ಲಿ ಹತ್ತನೇ ತರಗತಿಯ ಪೋಷಕರ ಸಭೆಗೆ ಮೊದಲು ಒಂಬತ್ತನೇ ತರಗತಿಯ ಪೋಷಕರನ್ನು ಕರೆಯಲಿ. 206ರ ಪಕ್ಕದಲ್ಲಿ 375ನ್ನೂ ಬೋರ್ಡಿನ ಮೇಲೆ ಬರೆದು, ಎರಡರ ಅರ್ಥವನ್ನೂ ಆ ತಂದೆತಾಯಿಗಳಿಗೆ ಅವರ ಮಾತಿನಲ್ಲೇ, ಬೇಕಾದರೆ ತೆಲುಗಿನಲ್ಲೇ, ಬಿಡಿಸಿ ಹೇಳಲಿ.